ಅಪ್ಪಣೆ ಕೇಳದೆ ನಿಂತವರು

ಮೈಸೂರಿನ ಅಗ್ರಹಾರದಲ್ಲಿ ಮನೆಯ ವಿಳಾಸ ಹೇಳುವಾಗ ರಸ್ತೆಯ ಹೆಸರು, ಕ್ರಾಸಿನ ಸಂಖ್ಯೆ, ಪಿನ್ ಕೋಡ್ ಎಲ್ಲ ಆಮೇಲೆ. ಮೊದಲು ಬರುವುದು ಗಣಪತಿ. ಪಿಎಚ್.ಡಿ.ಗೆ ಸೇರಿ ಇಲ್ಲೊಂದು ಕೋಣೆ ಬಾಡಿಗೆಗೆ ಹಿಡಿದ ಹೊಸದರಲ್ಲಿ ಪಾರ್ಸೆಲ್ ತರುವ ಹುಡುಗ ಫೋನ್ ಮಾಡಿದ. ನಾನು ತ್ಯಾಗರಾಜ ರಸ್ತೆ, ರಾಮಾನುಜ ರಸ್ತೆ ಎಂದು ನಕ್ಷೆ ನೋಡಿಕೊಂಡು ಓದಿದಂತೆ ಹೇಳುತ್ತಿದ್ದೆ. ಆತ ನಡುವೆಯೇ ತಡೆದು, "ಸಾರ್, ಅದೆಲ್ಲ ಬಿಡಿ. ನೂರೊಂದು ಗಣಪತಿಯಿಂದ ಯಾವ್ ಕಡೆಗೆ ಬರ್ಬೇಕು, ಅಷ್ಟ್ ಹೇಳಿ" ಎಂದ. ಅಂದಿನಿಂದ ನನ್ನ ವಿಳಾಸವೂ ಅದೇ ಆಯಿತು.

ಅಗ್ರಹಾರ ವೃತ್ತದ ಬಳಿ ಇರುವ ಆ ಗುಡಿಯ ಹೆಸರೇ ಅದರ ವಿವರಣೆ. ಒಂದೇ ಸೂರಿನಡಿ ಸಾಲು ಸಾಲಾಗಿ ಗಣಪತಿಗಳು. ಎಣಿಸಲು ಹೋಗಿ ನಾನು ಎರಡು ಸಲ ತಪ್ಪಿದ್ದೇನೆ. ಹೊರಗೆ ಬಸ್ಸು, ಆಟೋ, ಹೂವಿನ ಬುಟ್ಟಿ. ಸ್ಕೂಟರ್ ನಿಲ್ಲಿಸದೆ ಒಂದು ಕೈಯನ್ನು ಎದೆಗೆ ಮುಟ್ಟಿಸಿಕೊಂಡು ಸಾಗುವ ಕಾಲೇಜು ಹುಡುಗರು. ಊರಿನ ಪ್ರವಾಸಿ ಪುಸ್ತಿಕೆಗಳಲ್ಲಿ ಅರಮನೆಗೆ, ಬೆಟ್ಟಕ್ಕೆ, ಮೃಗಾಲಯಕ್ಕೆ ಸಿಗುವ ಜಾಗ ಇದಕ್ಕೆ ಸಿಗುವುದಿಲ್ಲ. ಆದರೂ ಇಲ್ಲಿಯವರ ಬಾಯಲ್ಲಿ ದಿನಕ್ಕೆ ನೂರೊಂದು ಸಲವಾದರೂ ಈ ಹೆಸರು ಬಂದೇ ಬರುತ್ತದೆ.

ನನ್ನ ಸಂಶೋಧನೆಯ ವಿಷಯ ಅರಸರ ಕಾಲದ ಮೈಸೂರಿನ ವೃತ್ತಗಳು ಮತ್ತು ಸ್ಮಾರಕಗಳು. ಒಂದು ಅಧ್ಯಾಯದ ಕರಡಿನಲ್ಲಿ ಈ ಗುಡಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಮ್ಮ ಗೈಡ್ ಮೇಡಂ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಗೀಚಿದರು: "ಇದು ಕಲೆಯೋ, ಭಕ್ತಿಯೋ, ಒತ್ತುವರಿಯೋ? ಯಾವ ಅಧ್ಯಾಯಕ್ಕೆ ಹಾಕುತ್ತೀರಿ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೀದಿಯಲ್ಲಿ ಒಂದು ವಸ್ತು ನಿಲ್ಲಬೇಕಾದರೆ ಯಾರ ಅಪ್ಪಣೆ ಬೇಕು? ನಿಂತ ಮೇಲೆ ಅದನ್ನು ಉಳಿಸುವವರು ಯಾರು?

ಅಗ್ರಹಾರ ಎಂಬ ಮಾತಿನಲ್ಲೇ ಅಪ್ಪಣೆ ಇದೆ. ದೊರೆ ಬ್ರಾಹ್ಮಣರಿಗೆ ಬಿಟ್ಟುಕೊಟ್ಟ ಭೂಮಿ ಅಗ್ರಹಾರ. ಎಷ್ಟು ವೃತ್ತಿ, ಯಾರಿಗೆ ಯಾವ ಪಾಲು, ಗಡಿ ಎಲ್ಲಿಂದ ಎಲ್ಲಿಗೆ ಎಂದು ಕಲ್ಲಿನಲ್ಲೋ ತಾಮ್ರದಲ್ಲೋ ಬರೆಸಿ ಕೊಡುತ್ತಿದ್ದರು. ನಮ್ಮ ನಾಡಿನ ಶಾಸನಗಳಲ್ಲಿ ಅಗ್ರಹಾರದ ದಾನಗಳೇ ಒಂದು ದೊಡ್ಡ ರಾಶಿ. ಮೈಸೂರಿನ ಅಗ್ರಹಾರ ಕೋಟೆಯ ಮಗ್ಗುಲಿಗೇ ಇದೆ. ಸುತ್ತ ಇರುವ ಹೆಸರುಗಳನ್ನು ಗಮನಿಸಿ: 1876ರಲ್ಲಿ ಶುರುವಾದ ಮಹಾರಾಜಾ ಸಂಸ್ಕೃತ ಪಾಠಶಾಲೆಯಿಂದ ಪಾಠಶಾಲಾ ವೃತ್ತ, ಅರಮನೆಯ ಆಯುಧಗಳನ್ನಿಡುತ್ತಿದ್ದ ಕಟ್ಟಡದಿಂದ ಗನ್ ಹೌಸ್ ವೃತ್ತ, ಮಹಾರಾಣಿಯವರ ಹೆಸರಿನ ವಾಣಿವಿಲಾಸ ಮಾರುಕಟ್ಟೆ. ಓದು, ಆಯುಧ, ತರಕಾರಿ, ಮೂರಕ್ಕೂ ಅರಮನೆಯ ಮುದ್ರೆ ಬಿದ್ದಿದೆ.

ಈ ಮುದ್ರೆ ಇನ್ನಷ್ಟು ಗಾಢವಾದದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯಕ್ಕೇ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಅದರ ಬೆನ್ನಿಗೇ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟು ಕೇರಿಗಳನ್ನು ಬಿಡಿಸಿ ಅಗಲವಾದ ರಸ್ತೆಗಳನ್ನು ಹಾಕುವ ಕೆಲಸಕ್ಕೆ 1903ರಲ್ಲಿ ನಗರ ಸುಧಾರಣಾ ಮಂಡಳಿ, ಅಂದರೆ ಹಳಬರು ಇಂದಿಗೂ ಹೇಳುವ ಸಿಐಟಿಬಿ, ಹುಟ್ಟಿತು. ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅಗಲ ರಸ್ತೆಗಳು ಬಂದವೆಂದರೆ ಅವು ಕೂಡುವ ಕಡೆ ವೃತ್ತಗಳು ಬಂದವು. ವೃತ್ತ ಬಂದರೆ ಅದರ ನಡುವೆ ಏನಾದರೂ ನಿಲ್ಲಿಸಬೇಕಲ್ಲ!

ನಿಲ್ಲಿಸಿದರು. ಮೈಸೂರಿನವರಿಗೆ ಗಡಿಯಾರಗಳೆಂದರೆ ಎರಡು, ಚಿಕ್ಕದು ಮತ್ತು ದೊಡ್ಡದು. ದೇವರಾಜ ಮಾರುಕಟ್ಟೆಯ ಎದುರಿನ ಚಿಕ್ಕ ಗಡಿಯಾರ ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿನದು. ಪುರಭವನದ ಪಕ್ಕದ ದೊಡ್ಡ ಗಡಿಯಾರ 1927ರದು. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡು 25 ವರ್ಷವಾದ ಸಂಭ್ರಮಕ್ಕೆ ಅರಮನೆಯ ನೌಕರರು ಕಟ್ಟಿಸಿದ್ದು. ಎತ್ತರ ಸುಮಾರು 75 ಅಡಿ. ಒಂದು ವೈಸರಾಯರ ಗೌರವಕ್ಕೆ, ಇನ್ನೊಂದು ಮಹಾರಾಜರ ಗೌರವಕ್ಕೆ. ಆದರೆ ಊರಿನವರು ಡಫರಿನ್ನನ ಹೆಸರನ್ನೂ ಬಿಟ್ಟರು, ಬೆಳ್ಳಿಹಬ್ಬವನ್ನೂ ಬಿಟ್ಟರು. ಗಾತ್ರ ನೋಡಿ ಚಿಕ್ಕದು, ದೊಡ್ಡದು ಎಂದು ಕರೆದರು. ದೊಡ್ಡ ಗಡಿಯಾರದಲ್ಲಿ ನೋಡುವವರನ್ನು ಇಂದಿಗೂ ನಿಲ್ಲಿಸುವುದು ಅದರ ಮುಖದಲ್ಲಿರುವ ಕನ್ನಡ ಅಂಕಿಗಳು. ಹೊರಗಿನಿಂದ ಬಂದವರು ಇದೇನು ಬರಹವೆಂದು ಫೋಟೊ ತೆಗೆಯುತ್ತಾರೆ. ಇಲ್ಲಿಯ ತಂದೆತಾಯಿಗಳು ಮಕ್ಕಳನ್ನು ನಿಲ್ಲಿಸಿ ಓದಿಸುತ್ತಾರೆ. ಸ್ಮಾರಕ ಕಟ್ಟಿದವರ ಉದ್ದೇಶ ಒಂದು, ಜನ ಅದರಿಂದ ತೆಗೆದುಕೊಂಡದ್ದು ಇನ್ನೊಂದು.

ಪ್ರತಿಮೆಗಳ ಕತೆ ಇನ್ನೂ ವಿಚಿತ್ರ. ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತೆಯಲ್ಲಿ, ಮೂವತ್ತೊಂದರ ವಯಸ್ಸಿನಲ್ಲೇ ತೀರಿಕೊಂಡರು. ಲಂಡನ್ನಿನ ಹೆಸರಾಂತ ಶಿಲ್ಪಿ ಎಡ್ವರ್ಡ್ ಆನ್‌ಸ್ಲೋ ಫೋರ್ಡ್ ಅವರು ಕುದುರೆ ಏರಿದ ದೊರೆಯ ಪ್ರತಿಮೆ ಮಾಡಿದರು. ಅದು ಮೊದಲು ಮೈಸೂರಿನಲ್ಲಿತ್ತು. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಹೋಯಿತು. ಇಂದು ಫಲಪುಷ್ಪ ಪ್ರದರ್ಶನಕ್ಕೆ ಹೋದವರು ನಿಂತು ಸೆಲ್ಫಿ ತೆಗೆದುಕೊಳ್ಳುವ ಆ ಕುದುರೆ ಮೈಸೂರಿನಿಂದ ವಲಸೆ ಹೋದದ್ದು. ಇತ್ತ ಮೈಸೂರಿನ ಚಾಮರಾಜ ವೃತ್ತದಲ್ಲಿ, ಮಂಟಪದ ನೆರಳಿನಲ್ಲಿ, ಅದೇ ದೊರೆ ನಿಂತಿದ್ದಾರೆ; ಅದು ಮುಂಬಯಿಯ ಶಿಲ್ಪಿ ಗಣಪತರಾವ್ ಮ್ಹಾತ್ರೆಯವರ ಕೆಲಸ. ಅರಮನೆಯ ಅಂಗಳದಲ್ಲಿ ಹೆಜ್ಜೆ ಎತ್ತಿ ನಿಂತ ಕಂಚಿನ ಹುಲಿಗಳು ರಾಬರ್ಟ್ ವಿಲಿಯಂ ಕೋಲ್ಟನ್ ಎಂಬ ಇನ್ನೊಬ್ಬ ಇಂಗ್ಲಿಷ್ ಶಿಲ್ಪಿಯವು. ಅವುಗಳ ಬೆನ್ನ ಮೇಲೆ ಕೂರಲು ಹೋಗಿ ಕಾವಲುಗಾರರಿಂದ ಬೈಸಿಕೊಳ್ಳದ ಮೈಸೂರಿನ ಮಕ್ಕಳು ಕಡಿಮೆ ಇರಬೇಕು. ನಾನೂ ಬೈಸಿಕೊಂಡವನೇ.

ಜಿಲ್ಲಾಧಿಕಾರಿಗಳ ಹಳೆಯ ಕಚೇರಿಯ ಮುಂದೆ ಇನ್ನೊಂದು ಪ್ರತಿಮೆಯಿದೆ. ಸರ್ ಜೇಮ್ಸ್ ಗಾರ್ಡನ್ ಅವರದು. 1881ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಒಡೆಯರಿಗೆ ಹಿಂತಿರುಗಿಸಿದ ಕಾಲದಲ್ಲಿ ಮುಖ್ಯ ಕಮಿಷನರ್ ಆಗಿದ್ದು, ನಂತರ ರೆಸಿಡೆಂಟ್ ಆದವರು. ನಾನು ಮೊದಲ ಸಲ ಆ ಆವರಣಕ್ಕೆ ಹೋದದ್ದು ಒಂದು ಪ್ರಮಾಣಪತ್ರಕ್ಕಾಗಿ. ಪ್ರತಿಮೆಯ ನೆರಳಿನಲ್ಲಿ ಕೂತು ಅರ್ಜಿ ತುಂಬಿದೆನೇ ಹೊರತು ಅದು ಯಾರೆಂದು ತಲೆಯೆತ್ತಿ ನೋಡಲಿಲ್ಲ. ಇತಿಹಾಸದ ಎಂ.ಎ. ವಿದ್ಯಾರ್ಥಿಯ ಪಾಡು ಇದು.

ಈ ಮರೆವನ್ನು ಮೈಸೂರಿನವರೇ ಆದ ಆರ್.ಕೆ. ನಾರಾಯಣ್ ಬಹಳ ಹಿಂದೆಯೇ ಕತೆಯಾಗಿಸಿದ್ದರು. ಅವರ 'ಲಾಲಿ ರೋಡ್' ಓದಿದವರಿಗೆ ನೆನಪಿರಬಹುದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಾಲ್ಗುಡಿಯ ಪುರಸಭೆಗೆ ರಸ್ತೆಗಳ ಹೆಸರು ಬದಲಾಯಿಸುವ ಹುಚ್ಚು ಹಿಡಿಯುತ್ತದೆ. ಊರಿನವರು ಎಂದೂ ಗಮನಿಸದ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆ ಒಮ್ಮೆಲೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಈತ ಮಹಾ ಕ್ರೂರಿ ಎಂದು ತೀರ್ಮಾನವಾಗಿ, ಪ್ರತಿಮೆಯನ್ನು ಕಿತ್ತು, ಪತ್ರಿಕಾ ಬಾತ್ಮೀದಾರನೊಬ್ಬ ಅದನ್ನು ಮನೆಗೆ ಎಳೆದುಕೊಂಡು ಹೋಗುತ್ತಾನೆ. ಅರ್ಧ ಒಳಗೆ, ಅರ್ಧ ಬೀದಿಯಲ್ಲಿ. ಆಮೇಲೆ ಗೊತ್ತಾಗುತ್ತದೆ, ಕ್ರೂರಿ ಲಾಲಿ ಬೇರೆಯವನು. ಈತ ಮಾಲ್ಗುಡಿಗೆ ಒಳ್ಳೆಯದನ್ನೇ ಮಾಡಿದವನು. ಈಗ ಊರಿಗೆ ಪ್ರತಿಮೆ ವಾಪಸ್ ಬೇಕು! ನಗಿಸುವ ಕತೆ. ಆದರೆ ನನ್ನಂಥವನಿಗೆ ಒಳಗೆ ಚುಚ್ಚುತ್ತದೆ. ನಿಲ್ಲಿಸುವಾಗ ಸಭೆ, ಠರಾವು, ಭಾಷಣ. ಕೀಳುವಾಗಲೂ ಸಭೆ, ಠರಾವು, ಭಾಷಣ. ನಡುವಿನ ವರ್ಷಗಳಲ್ಲಿ ಅದು ಯಾರೆಂದು ಕೇಳಿದವರಿಲ್ಲ. ಸರ್ಕಾರದ ಅಪ್ಪಣೆ ಪ್ರತಿಮೆಗೆ ಕಟ್ಟೆ ಕೊಡುತ್ತದೆ. ಜನರ ನೆನಪನ್ನು ಕೊಡಲಾರದು.

ಹಾಗಾದರೆ ನೆನಪು ಎಲ್ಲಿಂದ ಬರುತ್ತದೆ? ಇದಕ್ಕೆ ಚಾಮುಂಡಿ ಬೆಟ್ಟದ ಮಹಿಷಾಸುರನನ್ನು ನೋಡಬೇಕು. ಒಂದು ಕೈಯಲ್ಲಿ ಎತ್ತಿದ ಕತ್ತಿ, ಇನ್ನೊಂದರಲ್ಲಿ ಹೆಡೆಯೆತ್ತಿದ ಹಾವು, ದಪ್ಪ ಮೀಸೆ, ಕಣ್ಣು ಕುಕ್ಕುವ ಬಣ್ಣ. ಬೆಟ್ಟದ ಅರ್ಧದಾರಿಯಲ್ಲಿ ದೊಡ್ಡದೇವರಾಜ ಒಡೆಯರ ಕಾಲದ (1659–1673) ಏಕಶಿಲೆಯ ನಂದಿ ಶಾಂತವಾಗಿ ಕೂತಿದೆ. ಅದರ ಶಿಲ್ಪದ ಬಗ್ಗೆ ಪುಸ್ತಕಗಳಲ್ಲಿ ಪುಟಗಟ್ಟಲೆ ಸಿಗುತ್ತದೆ. ಮಹಿಷನ ಪ್ರತಿಮೆಯ ಬಗ್ಗೆ ಕಲಾ ಇತಿಹಾಸಕಾರರು ಅಷ್ಟಾಗಿ ಮಾತಾಡುವುದಿಲ್ಲ. ಆದರೆ ಬೆಟ್ಟಕ್ಕೆ ಹೋದ ಪ್ರವಾಸಿಯ ಫೋನಿನಲ್ಲಿ ನಂದಿಯ ಚಿತ್ರ ಇರದಿದ್ದರೂ ಮಹಿಷನದ್ದು ಇದ್ದೇ ಇರುತ್ತದೆ. ಸೋತವನಿಗೆ ಇಂಥ ಠೀವಿ ಕೊಟ್ಟ ಪ್ರತಿಮೆ ಬೇರೆಲ್ಲಿದೆ? ಕೋಣನ ಮುಖವಿಲ್ಲ, ದೇವಿಯ ಕಾಲ ಕೆಳಗೆ ಬಿದ್ದಿಲ್ಲ. ಊರಿಗೆ ತನ್ನ ಹೆಸರು ಕೊಟ್ಟವನೆಂಬ ಗತ್ತಿನಲ್ಲಿ ನಿಂತಿದ್ದಾನೆ.

ಈ ನಿಲುವೇ ಹೊಸ ಓದಿಗೆ ದಾರಿ ಮಾಡಿತು. ಮಹಿಷ ಅಸುರನಲ್ಲ, ಈ ನಾಡನ್ನಾಳಿದ ಮೂಲನಿವಾಸಿ ದೊರೆ, ಬೌದ್ಧ ಪರಂಪರೆಯವನು ಎಂದು ಪ್ರಗತಿಪರ ಮತ್ತು ದಲಿತ ಸಂಘಟನೆಗಳು ಇದೇ ಪ್ರತಿಮೆಗೆ ಹಾರ ಹಾಕಿ ಮಹಿಷ ದಸರಾ ಆಚರಿಸತೊಡಗಿದವು. ಅಶೋಕನ ಕಾಲದಲ್ಲಿ ಮಹಾದೇವನೆಂಬ ಭಿಕ್ಷು ಮಹಿಷಮಂಡಲಕ್ಕೆ ಹೋದನೆಂದು ಸಿಂಹಳದ 'ಮಹಾವಂಶ' ಹೇಳುತ್ತದೆ. ಆ ಮಹಿಷಮಂಡಲ ನಮ್ಮ ಮೈಸೂರು ಸೀಮೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಾದ ಏನೇ ಇರಲಿ, ಆಚರಣೆಗೆ ವಿರೋಧವೂ ಬಂತು, ಅನುಮತಿಯ ಪ್ರಶ್ನೆಯೂ ಬಂತು. 2023ರಲ್ಲಿ ಬೆಟ್ಟದ ಮೇಲೆ ಅವಕಾಶ ಸಿಗದೆ ಕಾರ್ಯಕ್ರಮ ಪುರಭವನದ ಬಳಿ ನಡೆಯಿತು. ಪ್ರವಾಸಿಗರು ಪಕ್ಕದಲ್ಲಿ ನಿಂತು ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುವ ಒಂದು ಬಣ್ಣದ ಬೊಂಬೆ, ಈ ನಾಡಿನ ಮೊದಲ ಒಡೆಯ ಯಾರು ಎಂಬ ಪ್ರಶ್ನೆಯ ಮುಂದೆ ಜನರನ್ನು ತಂದು ನಿಲ್ಲಿಸಿತು. ಜನ ಅದರ ಜೊತೆ ಜಗಳವಾಡುತ್ತಿದ್ದಾರೆ. ಆದ್ದರಿಂದಲೇ ಅದು ಬದುಕಿದೆ. ಗಾರ್ಡನ್ ಸಾಹೇಬರ ಜೊತೆ ಜಗಳವಾಡುವವರಿಲ್ಲ.

ಈಗ ಬೆಟ್ಟದಿಂದ ಇಳಿದು ನಮ್ಮ ಅಗ್ರಹಾರಕ್ಕೆ ಬರೋಣ. 2021ರಲ್ಲಿ ನೂರೊಂದು ಗಣಪತಿಗೂ ಅನುಮತಿಯ ಪ್ರಶ್ನೆ ಎದುರಾಯಿತು. ಅದರ ಮೂಲ ಹನ್ನೆರಡು ವರ್ಷ ಹಿಂದಿನದು. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಇನ್ನು ಮುಂದೆ ಯಾವ ಧರ್ಮದ ಅನಧಿಕೃತ ಕಟ್ಟಡಕ್ಕೂ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿತ್ತು. ಅದಾಗಲೇ ಇರುವವುಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಿ ಎಂದೂ ಹೇಳಿತ್ತು. ಪಟ್ಟಿಗಳು ತಯಾರಾದವು. ಮೈಸೂರಿನ ಪಟ್ಟಿಯಲ್ಲಿ ಅಗ್ರಹಾರದ ನೂರೊಂದು ಗಣಪತಿಯೂ ಇದೆ ಎಂಬ ಸುದ್ದಿ ಹಬ್ಬಿತು. ಅದೇ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ದೇವಾಲಯವನ್ನು ಕೆಡವಿದ ದೃಶ್ಯ ರಾಜ್ಯದ ತುಂಬ ಹರಿದಾಡಿತು. ಪ್ರತಿಭಟನೆ, ಹೇಳಿಕೆ, ಪ್ರತಿಹೇಳಿಕೆ. ತಿಂಗಳು ಮುಗಿಯುವುದರೊಳಗೆ ಕರ್ನಾಟಕ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು. ಕಾಯಿದೆ ಜಾರಿಗೆ ಬರುವ ಹೊತ್ತಿಗೆ ಸಾರ್ವಜನಿಕ ಸ್ಥಳದಲ್ಲಿ ಇದ್ದ ಧಾರ್ಮಿಕ ಕಟ್ಟಡಗಳಿಗೆ ಅದು ರಕ್ಷಣೆ ಕೊಟ್ಟಿತು. ಗಣಪತಿಗೆ ನಿಂತ ಮೇಲೆ ಅಪ್ಪಣೆ ಸಿಕ್ಕಿತು.

ಆ ಗಲಾಟೆಯ ನೆನಪಿನ ಬಗ್ಗೆ ಗುಡಿಯ ಹತ್ತಿರ ಹೂವು ಮಾರುವ ಅಜ್ಜಿಯನ್ನು ಒಮ್ಮೆ ಕೇಳಿದೆ. "ಒಡೀತಾರೆ ಅಂತ ಸುದ್ದಿ ಆಗಿತ್ತಲ್ಲ ಅಜ್ಜಿ, ಭಯ ಆಗಿತ್ತಾ?"

"ಭಯ ಏನಪ್ಪಾ? ಒಡೆಯೋರು ಲೆಕ್ಕ ಬರ್ಕೋಬೇಕಲ್ಲ, ಎಷ್ಟ್ ಗಣಪತಿ ಅಂತ. ಎಣಿಸೋ ಹೊತ್ಗೆ ಸಂಜೆ ಆಯ್ತದೆ. ಆಫೀಸ್ ಟೈಮು ಮುಗೀತದೆ" ಎಂದು ನಕ್ಕರು. ಮೊಳ ಹಾಕುತ್ತಿದ್ದ ಕೈ ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: "ಗಣಪತಿಗೆ ಇನ್ನೊಂದ್ ಕಡೆ ಜಾಗ ಕೊಡ್ತಾರೆ ಕಣಪ್ಪ. ನನ್ ಬುಟ್ಟಿಗೆ ಯಾರ್ ಕೊಡ್ತಾರೆ?"

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಕಡತದಲ್ಲಿ ಇದ್ದದ್ದು ಒಂದು ಕಟ್ಟಡ. ಬೀದಿಯಲ್ಲಿ ಇದ್ದದ್ದು ಕಟ್ಟಡ, ಅದರ ನೆರಳಿನ ಹೂವಿನ ಬುಟ್ಟಿ, ಅಲ್ಲಿ ಇಳಿಯುವ ಬಸ್ಸಿನ ಜನ, ಅದನ್ನು ಹಿಡಿದು ವಿಳಾಸ ಹೇಳುವ ಇಡೀ ಬಡಾವಣೆ. ನಮ್ಮಲ್ಲಿ ಮುಯ್ಯಿ ಕೊಡುವಾಗ ನೂರರ ಮೇಲೆ ಒಂದು ರೂಪಾಯಿ ಇಡುತ್ತೇವೆ, ಲೆಕ್ಕ ಅಲ್ಲಿಗೇ ಮುಗಿಯದಿರಲಿ ಎಂದು. ಈ ಗುಡಿಯ ಸುತ್ತ ಇರುವುದೂ ಹಾಗೆ ಮುಗಿಯದ ಲೆಕ್ಕ.

ಇದನ್ನು ಬರೆದ ತಕ್ಷಣ ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ರಸ್ತೆ ನಡೆಯುವವರದು. ಕಾಲುದಾರಿಯ ಮೇಲೆ ಗುಡಿಯೋ, ಪ್ರತಿಮೆಯೋ, ಪಕ್ಷದ ಕಟ್ಟೆಯೋ ಎದ್ದಾಗ ಮಗುವನ್ನು ಎತ್ತಿಕೊಂಡ ತಾಯಿ, ಕೋಲು ಹಿಡಿದ ಮುದುಕ ವಾಹನಗಳ ನಡುವೆ ಇಳಿಯಬೇಕಾಗುತ್ತದೆ. ನ್ಯಾಯಾಲಯ ಕೇಳಿದ್ದು ಇವರ ಪರವಾಗಿ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆಗಳಿಗೂ ಅನುಮತಿ ಕೊಡಬಾರದೆಂದಿತು. ಅದರ ನಂತರವೂ ವೃತ್ತಗಳ ಮೇಲಿನ ಆಸೆ ಯಾರಿಗೂ ಹೋಗಲಿಲ್ಲ. ನಮ್ಮ ಪಕ್ಕದ ಗನ್ ಹೌಸ್ ವೃತ್ತದಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳ ಪ್ರತಿಮೆ ನಿಲ್ಲಿಸುವ ವಿಚಾರಕ್ಕೆ ಪರ ವಿರೋಧದ ದನಿಗಳು ಎದ್ದವು. ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವರ ನೆನಪು ಬೇಡವೆಂದು ಯಾರೂ ಹೇಳುತ್ತಿರಲಿಲ್ಲ. ಈ ವೃತ್ತ ಅರಮನೆಯದೋ, ಮಠದ್ದೋ, ಊರಿನದೋ ಎಂಬುದೇ ಅಲ್ಲಿಯ ತಕರಾರು.

ನನ್ನ ತಕರಾರು ಬೇರೆ. ಕಾಯಿದೆ ಕೇಳುವ ಪ್ರಶ್ನೆ ಎರಡೇ: ಇದು ದೇವರೋ ಅಲ್ಲವೋ? ಯಾವ ದಿನಾಂಕಕ್ಕೆ ಮೊದಲಿನದು? ದೇವರಾದರೆ 2021ರ ಕಾಯಿದೆ ಕಾಯುತ್ತದೆ. ದೇವರಲ್ಲದಿದ್ದರೆ? ವೈಸರಾಯ್ ಲ್ಯಾನ್ಸ್‌ಡೌನ್ ಹೆಸರಿನ ಕಟ್ಟಡದ ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಅಲ್ಲಿ ಹಳೆಯ ಪುಸ್ತಕದಂಗಡಿಗಳಿದ್ದವು. ನನ್ನ ಹಿಂದಿನ ತಲೆಮಾರಿನ ಸಂಶೋಧಕರು ಅರ್ಧ ವಿಶ್ವವಿದ್ಯಾನಿಲಯ ಅಲ್ಲೇ ಓದಿದ್ದಾಗಿ ಹೇಳುತ್ತಾರೆ. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಉಳಿಸಬೇಕೋ ಕೆಡವಬೇಕೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಅಲ್ಲಿ ಮಲ್ಲಿಗೆ ಕಟ್ಟುವವರ, ವೀಳ್ಯದೆಲೆ ಜೋಡಿಸುವವರ, ಅರಿಶಿನ ಕುಂಕುಮದ ಬಣ್ಣದ ಗೋಪುರಗಳನ್ನು ಕೈಯಲ್ಲೇ ಕೂಡಿಸುವವರ ಸಾಲುಗಳಿವೆ. ದಿನಾ ಬೆಳಗ್ಗೆ ಹುಟ್ಟಿ ಸಂಜೆಗೆ ಕರಗುವ ಆ ಗೋಪುರಗಳಿಗಿಂತ ಒಳ್ಳೆಯ ಬೀದಿಯ ಕಲೆ ಈ ಊರಿನಲ್ಲಿಲ್ಲ. ಅದಕ್ಕೆ ಯಾವ ಕಾಯಿದೆಯಲ್ಲಿ ಜಾಗ?

ಹೀಗೆ ಯೋಚಿಸುವಾಗ ನೆನಪಾಗುವವರು ಮೈಸೂರಿನವರೇ ಆದ ಕಲಾವಿದ ಬಾದಲ್ ನಂಜುಂಡಸ್ವಾಮಿ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ನಮ್ಮ ಬಾಯಲ್ಲಿ 'ಕಾವಾ'ದಲ್ಲಿ, ಕಲಿತವರು. 2015ರ ಜೂನಿನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ತುಂಬಿ ನಿಂತಿದ್ದ ಒಂದು ದೊಡ್ಡ ಗುಂಡಿಗೆ ಕೆರೆಯ ಬಣ್ಣ ಬಳಿದು, ಅದರಲ್ಲಿ ನಿಜಗಾತ್ರದ ಮೊಸಳೆಯೊಂದನ್ನು ಬಿಟ್ಟರು. ಜನ ಮುಗಿಬಿದ್ದರು, ಪತ್ರಿಕೆಗಳು ಬರೆದವು, ಅಧಿಕಾರಿಗಳು ಓಡಿ ಬಂದು ಗುಂಡಿ ಮುಚ್ಚಿಸಿದರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಇಳಿಯಲು ಇನ್ನೇನು ಕೆಲವೇ ದಿನ ಎನ್ನುವಾಗ, ಅವರದೇ ಒಂದು ಪುಟ್ಟ ವಿಡಿಯೊ ಬಂತು. ಗಗನಯಾತ್ರಿಯ ಉಡುಗೆ ತೊಟ್ಟ ನಟ ಪೂರ್ಣಚಂದ್ರ ಮೈಸೂರು ಕುಳಿಗಳ ನಡುವೆ ತೇಲುವಂತೆ ಹೆಜ್ಜೆ ಹಾಕುತ್ತಾರೆ. ಚಂದ್ರನ ಮೇಲ್ಮೈಯೇ ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲೊಂದು ಆಟೋ ಹೋಗುತ್ತದೆ. ಅದು ಬೆಂಗಳೂರಿನ ಹೇರೋಹಳ್ಳಿ ಕಡೆಯ ರಸ್ತೆ.

ಮಹಾರಾಜರ ಪ್ರತಿಮೆ ಗೆದ್ದಂತೆ ಆಗುವುದು ಅದು ನೂರು ವರ್ಷ ನಿಂತರೆ. ಬಾದಲ್ ಅವರ ಮೊಸಳೆ ಗೆದ್ದದ್ದು ನಾಲ್ಕು ದಿನದಲ್ಲಿ ಅದಕ್ಕೆ ಜಾಗವೇ ಇಲ್ಲದಂತಾದಾಗ. ಅದು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಿದ್ದರೆ ಇಲಾಖೆ ಏನು ಹೇಳುತ್ತಿತ್ತು? 'ಸದರಿ ಗುಂಡಿಯಲ್ಲಿ ಮೊಸಳೆ ಇಡಲು ಅನುಮತಿಸಲಾಗಿದೆ' ಎನ್ನಬೇಕಾದರೆ ಮೊದಲು ಗುಂಡಿ ಇದೆ ಎಂದು ಒಪ್ಪಿಕೊಳ್ಳಬೇಕಲ್ಲ! ಇಲ್ಲಿಯವರೆಗೆ ದೊರೆ ಜನರಿಗೆ ವೃತ್ತದಲ್ಲಿ ಏನನ್ನೋ ತೋರಿಸುತ್ತಿದ್ದ. ಈಗ ಪ್ರಜೆಯೊಬ್ಬ ಬೀದಿಯಲ್ಲಿ ಏನನ್ನೋ ಇಟ್ಟು ಆಳುವವರಿಗೆ ತೋರಿಸಿದ. ಒಂದೇ ಊರಿನ ಕಲಾಶಾಲೆಯ ಹೆಸರಿನಲ್ಲಿ ಚಾಮರಾಜೇಂದ್ರರೂ ಇದ್ದಾರೆ, ಅಲ್ಲಿ ಕಲಿತು ಬಂದವರ ಕೈಯಲ್ಲಿ ಮೊಸಳೆಯೂ ಹುಟ್ಟುತ್ತದೆ ಎಂಬುದು ನನಗೆ ಖುಷಿ ಕೊಡುವ ಸಂಗತಿ.

ಮತ್ತೆ ನಾರಾಯಣ್ ಅವರ ಬಳಿಗೇ ಹೋಗಬೇಕು. 'ಎ ಹಾರ್ಸ್ ಅಂಡ್ ಟೂ ಗೋಟ್ಸ್' ಕತೆಯಲ್ಲಿ ಮುನಿ ಎಂಬ ಬಡ ಮುದುಕ ಹೆದ್ದಾರಿಯ ಪಕ್ಕದ ಒಂದು ಹಳೆಯ ಮಣ್ಣಿನ ಕುದುರೆಯ ಕಟ್ಟೆಯಲ್ಲಿ ಕೂತು ಆಡು ಮ���ಯಿಸುತ್ತಿರುತ್ತಾನೆ. ಕಾರು ನಿಂತು ಒಬ್ಬ ಅಮೆರಿಕನ್ ಇಳಿಯುತ್ತಾನೆ. ಅವನಿಗೆ ಕುದುರೆ ಬೇಕು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ನೂರು ರೂಪಾಯಿ ಕೈಗೆ ಬಂದಾಗ ಮುನಿ ತನ್ನ ಆಡುಗಳು ಮಾರಾಟವಾದವೆಂದು ಮನೆಗೆ ಓಡುತ್ತಾನೆ. ಅಮೆರಿಕನ್ ಕುದುರೆಯನ್ನು ಕೊಂಡೆನೆಂದು ಕಿತ್ತುಕೊಂಡು ಹೋಗುತ್ತಾನೆ. ಪಾಠ ಮಾಡುವಾಗ ಇದನ್ನು ಭಾಷೆಯ ಎಡವಟ್ಟಿನ ತಮಾಷೆ ಎಂದು ವಿವರಿಸುವುದುಂಟು. ಅಗ್ರಹಾರದಲ್ಲಿ ನಾಲ್ಕು ವರ್ಷ ಇದ್ದ ಮೇಲೆ ನನಗೆ ಅದು ಹಾಗೆ ಕಾಣುತ್ತಿಲ್ಲ. ಮುನಿಗೆ ಆ ಕುದುರೆಯ ಬಗ್ಗೆ ಹೇಳಲು ಎಷ್ಟೊಂದಿತ್ತು! ಅಜ್ಜನಿಂದ ಕೇಳಿದ್ದು, ಪುರಾಣ, ಲೋಕ ಮುಳುಗುವ ಕಾಲಕ್ಕೆ ಅದು ಎದ್ದು ಓಡುವ ಕತೆ. ಎಲ್ಲವನ್ನೂ ಹೇಳಿದ. ಆದರೆ ಕೇಳಿಸಿಕೊಂಡು ಬರೆದುಕೊಳ್ಳುವವರು ಅಲ್ಲಿ ಇರಲಿಲ್ಲ. ಕೊಳ್ಳುವವನು ಮಾತ್ರ ಇದ್ದ.

ನಮ್ಮ ಕಡತಗಳ ಪಾಡೂ ಇದೇ. ಚಾಮರಾಜರ ಪ್ರತಿಮೆ ಯಾರು ಮಾಡಿದರು, ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ನಾನು ಓದಿ ತಿಳಿಯಬಲ್ಲೆ. ಬೀದಿಯ ಗುಡಿಗೆ ಯಾವ ಮನೆಯವರು ಮೊದಲ ಕಲ್ಲು ಕೊಟ್ಟರು, ಯಾವ ವರ್ಷದ ಮಳೆಗೆ ಸೂರು ಬಿತ್ತು, ಯಾರು ಮತ್ತೆ ಹೊದಿಸಿದರು ಎಂಬುದು ಹೂವಿನ ಅಜ್ಜಿಯಂಥವರ ಬಾಯಲ್ಲಿ ಮಾತ್ರ ಇರುತ್ತದೆ. ಒಂದು ದಿನ ಅಧಿಕಾರಿ ಬಂದು 'ದಾಖಲೆ ತೋರಿಸಿ' ಎಂದಾಗ ತೋರಿಸಲು ಏನೂ ಇರುವುದಿಲ್ಲ. ಆಗ ಉಳಿಯುವುದು ಎರಡೇ ದಾರಿ: ಜೆಸಿಬಿ ಅಥವಾ ಗದ್ದಲ. ಗದ್ದಲಕ್ಕೆ ಜನ ಸೇರಿಸಬಲ್ಲ ದೇವರು ಉಳಿಯುತ್ತಾನೆ. ಜನ ಸೇರಿಸಲಾಗದ ಅರಳಿಕಟ್ಟೆ, ಹಳೆಯ ನೀರಿನ ತೊಟ್ಟಿ, ಗೋಡೆಯ ಮೇಲಿನ ಕೈಬರಹದ ಅಂಗಡಿ ಬೋರ್ಡು ಹೋಗುತ್ತವೆ. ಅವುಗಳ ಪರವಾಗಿ ಬರೆದಿಡುವುದಷ್ಟೇ ನಮ್ಮ ಕೈಯಲ್ಲಿರುವುದು.

ಅದಕ್ಕೇ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ವೃತ್ತಕ್ಕೆ ಒಂದು ಪುಟ. ನಡುವೆ ಏನು ನಿಂತಿದೆ, ಸರ್ಕಾರಿ ಹೆಸರೇನು, ಜನ ಕರೆಯುವ ಹೆಸರೇನು, ಅದರ ನೆರಳಿನಲ್ಲಿ ಯಾರು ಕೂರುತ್ತಾರೆ, ನಡೆಯುವವರಿಗೆ ಎಷ್ಟು ಜಾಗ ಉಳಿದಿದೆ. ಕೊನೆಯ ಪ್ರಶ್ನೆಯನ್ನು ಬೇಕೆಂದೇ ಸೇರಿಸಿದ್ದೇನೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ಊರಿನ ಒಂದು ವೃತ್ತಕ್ಕಾದರೂ ಇಂಥ ಒಂದು ಪುಟ ಬರೆದರೆ, ಮುಂದೆ ಪಟ್ಟಿ ತಯಾರಾಗುವ ದಿನ ಅದು ಉಪಯೋಗಕ್ಕೆ ಬರಬಹುದು.

ಮೇಡಂ ಗೀಚಿದ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿದ್ದೇನೆ. ಕಲೆ, ಭಕ್ತಿ, ಒತ್ತುವರಿ ಮೂರೂ ಅಧ್ಯಾಯಗಳಿಂದ ಆ ನಾಲ್ಕು ಸಾಲನ್ನು ತೆಗೆದು, 'ಗುರುತುಗಳು' ಎಂಬ ಹೊಸ ಅಧ್ಯಾಯ ಶುರು ಮಾಡಿದೆ. ದೊಡ್ಡ ಗಡಿಯಾರ, ಮಹಿಷ, ನೂರೊಂದು ಗಣಪತಿ ಒಂದೇ ಸಾಲಿನಲ್ಲಿ ಬಂದವು. ಮೇಡಂ ಓದಿ, "ಗುರುತು ಅಂದರೆ ಚಿಹ್ನೆಯೂ ಹೌದು, ಪರಿಚಯವೂ ಹೌದು. ಯಾವ ಅರ್ಥದಲ್ಲಿ ಬಳಸಿದ್ದೀರಿ ಅಂತ ಒಂದು ಪ್ಯಾರಾ ಬರೆಯಿರಿ" ಎಂದರು. ಆ ಪ್ಯಾರಾ ಇನ್ನೂ ಬರೆದಾಗಿಲ್ಲ.

ಮೊನ್ನೆ ಊರಿನಿಂದ ಅಪ್ಪ ಮೊದಲ ಸಲ ನನ್ನ ಕೋಣೆ ನೋಡಲು ಬಂದರು. ಬಸ್ ನಿಲ್ದಾಣದಿಂದ ಫೋನ್ ಮಾಡಿ, "ಎಲ್ಲಿ ಇಳೀಲಿ ಮಗಾ?" ಎಂದರು. ನಾನು ಉತ್ತರ ಹೇಳುವ ಮೊದಲೇ ಆ ಕಡೆಯಿಂದ ಆಟೋದವರ ದನಿ ಕೇಳಿಸಿತು: "ಅಗ್ರಹಾರ ತಾನೇ ಯಜಮಾನ್ರೇ? ನೂರೊಂದು ಗಣಪತಿ ಹತ್ರ ಬಿಡ್ತೀನಿ, ಕೂತ್ಕೊಳಿ."